ಬೀಗವೆಂಬ ಮದ್ದು

ಭಾರತದಲ್ಲಿ ಎಚ್‌ಐವಿ ಮೊದಲು ಕಂಡದ್ದು ಬೀಗ ಹಾಕಿದ ಮನೆಯೊಂದರೊಳಗೆ. 1986ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ಪ್ರಾಧ್ಯಾಪಕಿ ಸುನೀತಿ ಸಾಲೊಮನ್ ತಮ್ಮ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರಿಗೆ ಪ್ರಬಂಧಕ್ಕೊಂದು ವಿಷಯ ಸೂಚಿಸಿದರು. ಅಮೆರಿಕದಲ್ಲಿ ಸುದ್ದಿಯಾಗಿದ್ದ ಹೊಸ ವೈರಾಣು ನಮ್ಮಲ್ಲೂ ಇದೆಯೇ ಎಂದು ಹುಡುಕುವುದು ಆ ಕೆಲಸ. ಮುಂಬೈಯ ಕಾಮಾಟಿಪುರದಂತೆ ಲೈಂಗಿಕ ವೃತ್ತಿಗೆಂದೇ ಇದ್ದ ಕೇರಿ ಮದ್ರಾಸಿನಲ್ಲಿರಲಿಲ್ಲ. ಹಾಗಾಗಿ ನಿರ್ಮಲಾ ಹೋದದ್ದು ಪೊಲೀಸರು ಹಿಡಿದು ತಂದ ಹೆಂಗಸರನ್ನು ಇರಿಸುತ್ತಿದ್ದ ಸರ್ಕಾರಿ ವಿಜಿಲೆನ್ಸ್ ಹೋಮ್‌ಗೆ. ಅಲ್ಲಿ ತೆಗೆದ ರಕ್ತವನ್ನು ಪರೀಕ್ಷಿಸುವ ಸೌಲಭ್ಯ ಮದ್ರಾಸಿನಲ್ಲಿ ಇಲ್ಲದೆ, ಮಾದರಿಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ರೈಲಿನಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಒಯ್ದರು. ಆರು ಮಾದರಿಗಳಲ್ಲಿ ಸೋಂಕು ಕಂಡಿತು. ಅಮೆರಿಕದಲ್ಲಿ ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಂಡ ಮೇಲೆ ತಮಿಳುನಾಡಿನ ವಿಧಾನಸಭೆಯಲ್ಲಿ ಸುದ್ದಿ ಹೊರಬಿತ್ತು. ಸುನೀತಿ ಸಾಲೊಮನ್ ತಮ್ಮ ಉಳಿದ ಬದುಕನ್ನೆಲ್ಲ ಸೋಂಕಿತರ ಆರೈಕೆಗೆ ಕೊಟ್ಟವರು. ಅವರ ಮತ್ತು ನಿರ್ಮಲಾ ಅವರ ಕೆಲಸದ ಬೆಲೆಯನ್ನು ಯಾರೂ ಕಡಿಮೆ ಮಾಡಲಾರರು. ಆದರೆ ಆ ಆರು ಮಾದರಿಗಳು ಯಾವ ಜಾಗದಿಂದ ಬಂದವು ಎನ್ನುವುದನ್ನು ಇತಿಹಾಸ ಬರೆಯುವವರು ಮರೆಯಬಾರದು. ಗಂಡಸರಿಂದ ಗಂಡಸರಿಗೆ, ಗಂಡಸರಿಂದ ಹೆಂಗಸರಿಗೆ, ರಕ್ತನಿಧಿಯ ಬಾಟಲಿಯಿಂದ ರೋಗಿಗೆ ಹರಡಬಲ್ಲ ವೈರಾಣುವಿಗೆ ಈ ದೇಶದಲ್ಲಿ ಸಿಕ್ಕ ಮೊದಲ ಮುಖ, ಬಾಗಿಲ ಆಚೆ ಹೋಗುವ ಹಕ್ಕಿಲ್ಲದ ಹೆಂಗಸಿನದು.

ಎಚ್‌ಐವಿಗೆ ಜಗತ್ತು ತೋರಿದ ಪ್ರತಿಕ್ರಿಯೆಯನ್ನು ನಾವು ಸಾಮಾನ್ಯವಾಗಿ ಔಷಧದ ಕಥೆಯಾಗಿ ಹೇಳಿಕೊಳ್ಳುತ್ತೇವೆ. 1983ರಲ್ಲಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆ ವೈರಾಣುವನ್ನು ಪತ್ತೆ ಮಾಡಿತು, 1996ರ ಹೊತ್ತಿಗೆ ಮೂರು ಔಷಧಗಳ ಸಂಯೋಜನೆ ಫಲ ಕೊಟ್ಟಿತು, ಸಾವು ಇಳಿಯಿತು. ಇದು ನಿಜ. ಇದರ ಜೊತೆಗೇ ಇನ್ನೊಂದು ಕಥೆ ನಡೆದಿದೆ, ಮತ್ತು ಅದಿಲ್ಲದೆ ಮೊದಲನೆಯದು ಪೂರ್ತಿಯಾಗುತ್ತಿರಲಿಲ್ಲ ಎಂಬುದು ನನ್ನ ವಾದ. ರೋಗದ ಭಯ ಹುಟ್ಟಿದಾಗ ಸಮಾಜದ ಅಂಚಿನವರನ್ನು ಹಿಡಿದು ಕೂಡಿಹಾಕುವುದು ಆಳುವವರ ಹಳೆಯ ಪದ್ಧತಿ. ಎಚ್‌ಐವಿಯ ಎದುರು ಆ ಪದ್ಧತಿ ಸೋತಿತು. ಅದನ್ನು ಸೋಲಿಸಿದವರಲ್ಲಿ ಮುಂದೆ ನಿಂತವರು ಯಾರನ್ನು ಕೂಡಿಹಾಕಲಾಗಿತ್ತೋ ಅವರೇ. ವೈದ್ಯರೂ ಸರ್ಕಾರಗಳೂ ದಾನಿಗಳೂ ಹಿಂದಿನಿಂದ ಬಂದು ಸೇರಿಕೊಂಡರು.

ಈ ಪದ್ಧತಿಯ ಬೇರು ಹುಡುಕಲು ಕನ್ನಡಿಗರು ದೂರ ಹೋಗಬೇಕಿಲ್ಲ. 19ನೇ ಶತಮಾನದಲ್ಲಿ ಬ್ರಿಟಿಷ್ ಸೈನ್ಯವಿದ್ದ ಊರುಗಳಲ್ಲಿ ಲಾಕ್ ಆಸ್ಪತ್ರೆಗಳೆಂಬವು ಇದ್ದವು. ಮದ್ರಾಸ್ ಸರ್ಕಾರದ ವಾರ್ಷಿಕ ವರದಿಗಳ ಪಟ್ಟಿಯಲ್ಲಿ ಬೆಂಗಳೂರಿನ ದಂಡು ಪ್ರದೇಶವೂ ಬಳ್ಳಾರಿಯೂ ಸಿಗುತ್ತವೆ. ಲಾಕ್ ಎಂಬ ಹೆಸರು ಲಂಡನ್ನಿನ ಹಳೆಯ ಕುಷ್ಠಾಶ್ರಮವೊಂದರಿಂದ ಬಂದದ್ದು, ಬೀಗಕ್ಕೂ ಅದಕ್ಕೂ ನೇರ ನಂಟಿಲ್ಲ ಎನ್ನುತ್ತಾರೆ. ಆದರೆ ಒಳಗೆ ಹೋದ ಹೆಂಗಸಿಗೆ ಆ ಪದದ ಮೂಲ ಯಾವುದಾದರೂ ಒಂದೇ ಆಗಿತ್ತು. ಸೈನಿಕರಲ್ಲಿ ಸಿಫಿಲಿಸ್, ಗೊನೋರಿಯಾ ಹೆಚ್ಚಿ ಪಡೆಯ ಬಲ ಕುಗ್ಗುತ್ತಿದೆ ಎಂಬ ಚಿಂತೆಯಿಂದ 1864ರಲ್ಲಿ ಕಂಟೋನ್ಮೆಂಟ್ ಕಾಯ್ದೆ ಬಂತು, 1868ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ವೃತ್ತಿಯಲ್ಲಿರುವ ಹೆಂಗಸು ಹೆಸರು ನೋಂದಾಯಿಸಬೇಕು, ಟಿಕೆಟ್ ಇಟ್ಟುಕೊಳ್ಳಬೇಕು, ಗೊತ್ತಾದ ದಿನ ಬಂದು ದೇಹ ತೋರಿಸಬೇಕು. ರೋಗವಿದೆ ಎಂದು ಕಂಡರೆ ಗುಣವಾಯಿತೆಂದು ವೈದ್ಯ ಹೇಳುವವರೆಗೆ ಒಳಗಿರಬೇಕು. ಬಾರದಿದ್ದರೆ ದಂಡ ಅಥವಾ ಜೈಲು. ಅವಳ ಬಳಿಗೆ ಬಂದ ಸೈನಿಕನಿಗೆ ಇಂಥ ನೋಂದಣಿಯೂ ಇರಲಿಲ್ಲ, ಟಿಕೆಟ್ಟೂ ಇರಲಿಲ್ಲ. ಸೋಂಕು ಇಬ್ಬರ ನಡುವೆ ಓಡಾಡುತ್ತಿದ್ದರೂ ಕಾಯ್ದೆ ಅವಳನ್ನೊಬ್ಬಳನ್ನೇ ರೋಗದ ಮೂಲವೆಂದು ಬರೆದಿಟ್ಟಿತು.

ಫಲವೇನಾಯಿತು ಎಂಬುದನ್ನು ಆ ಕಾಲದ ಅಧಿಕಾರಿಗಳ ಬರಹಗಳೇ ಹೇಳುತ್ತವೆ. ಹೆಂಗಸರು ನೋಂದಣಿಯಿಂದ ತಪ್ಪಿಸಿಕೊಂಡು ಓಡಿದರು, ಊರಾಚೆಯ ಹಳ್ಳಿಗಳಿಗೆ ಸರಿದರು, ಪರೀಕ್ಷೆಯ ದಿನ ಕಾಣೆಯಾದರು. ಗುಟ್ಟಾಗಿ ವೃತ್ತಿ ನಡೆಸುವವರ ಬಗ್ಗೆ ವರದಿಗಳಲ್ಲಿ ವರ್ಷವರ್ಷವೂ ದೂರು. ಇಂಗ್ಲೆಂಡಿನಲ್ಲಿ ಜೋಸೆಫಿನ್ ಬಟ್ಲರ್ ಮೊದಲಾದವರು ಇಂಥದ್ದೇ ಕಾಯ್ದೆಯ ವಿರುದ್ಧ ಹೋರಾಡಿ 1886ರಲ್ಲಿ ಅದನ್ನು ರದ್ದು ಮಾಡಿಸಿದರು. ಭಾರತದಲ್ಲಿ 1888ರಲ್ಲಿ ಅದು ಹೋಯಿತು. ಹಾಗೆ ಹೋದ ಮೇಲೆ ಸೈನಿಕರಲ್ಲಿ ರೋಗ ಏರಿತಲ್ಲ, 1895ರಲ್ಲಿ ಬ್ರಿಟಿಷ್ ಪಡೆಯ ಸಾವಿರಕ್ಕೆ 500ಕ್ಕೂ ಹೆಚ್ಚು ಮಂದಿ ಈ ಕಾಯಿಲೆಗಳಿಗಾಗಿ ಆಸ್ಪತ್ರೆ ಸೇರಿದರಲ್ಲ ಎಂದು ಕಾಯ್ದೆಯ ಪರವಾಗಿದ್ದವರು ವಾದಿಸಿದರು. ಅಂಕಿ ನಿಜ. ಆದರೆ ಕಾಯ್ದೆ ಜಾರಿಯಲ್ಲಿದ್ದಾಗಲೂ ರೋಗ ಸ್ಥಿರವಾಗಿ ಇಳಿದದ್ದಿಲ್ಲ. ಸೈನಿಕನ ನಡತೆಯನ್ನು ಮುಟ್ಟದ, ಗುಣಪಡಿಸುವ ಮದ್ದೇ ಇಲ್ಲದ ವ್ಯವಸ್ಥೆ ಇನ್ನೇನು ಮಾಡಬಲ್ಲದಿತ್ತು? ಪಾದರಸ ತಿನ್ನಿಸಿ ಹುಣ್ಣು ಮರೆಯಾಗುವವರೆಗೆ ಬಾಗಿಲು ಹಾಕಿಡುವುದಷ್ಟೇ ಅದರ ಚಿಕಿತ್ಸೆ. ಈ ಕಾಯ್ದೆ ಹೋದರೂ ಅದರ ಹಿಂದಿನ ತಿಳಿವಳಿಕೆ ಹೋಗಲಿಲ್ಲ. ನೂರು ವರ್ಷಗಳ ಬಳಿಕ ಹೊಸ ವೈರಾಣು ಬಂದಾಗ ಅಧಿಕಾರಿಗಳ ಕೈ ತಾನಾಗಿ ಹೋದದ್ದು ಅದೇ ಬೀಗದ ಕೈಗೆ.

1989ರ ಫೆಬ್ರವರಿ 14ರಂದು ಗೋವಾದ ಮಾಪುಸಾದಲ್ಲಿ ಡೊಮಿನಿಕ್ ಡಿಸೋಜ ಎಂಬ ಯುವಕನನ್ನು ಪೊಲೀಸರು ಕರೆದೊಯ್ದರು. ಆತನ ತಪ್ಪು ರಕ್ತದಾನ ಮಾಡಿದ್ದು. ದಾನದ ರಕ್ತ ಪರೀಕ್ಷಿಸಿದಾಗ ಎಚ್‌ಐವಿ ಇದೆಯೆಂದು ತಿಳಿದಿತ್ತು. ಗೋವಾದ ಸಾರ್ವಜನಿಕ ಆರೋಗ್ಯ ಕಾಯ್ದೆಗೆ ಅಷ್ಟರಲ್ಲಿ ತಿದ್ದುಪಡಿಯಾಗಿ, ಸೋಂಕಿತರನ್ನು ಪ್ರತ್ಯೇಕವಾಗಿ ಇರಿಸುವ ಅಧಿಕಾರ ಸರ್ಕಾರಕ್ಕೆ ಸಿಕ್ಕಿತ್ತು. ಹಿಂದೆ ಕ್ಷಯರೋಗಿಗಳಿಗಾಗಿ ಇದ್ದ ಕಟ್ಟಡದಲ್ಲಿ ಅವನನ್ನು 64 ದಿನ ಕಾವಲಿನಲ್ಲಿಟ್ಟರು. ತಾಯಿ ಲೂಸಿ ಡಿಸೋಜ ಬಾಂಬೆ ಹೈಕೋರ್ಟಿಗೆ ಹೋದರು, ಆನಂದ್ ಗ್ರೋವರ್ ವಕಾಲತ್ತು ವಹಿಸಿದರು. ಮಗ ಮನೆಗೆ ಬಂದ. ಆದರೆ ಅದೇ ವರ್ಷದ ಕೊನೆಗೆ ಬಂದ ತೀರ್ಪು, ವ್ಯಕ್ತಿಯ ಸ್ವಾತಂತ್ರ್ಯಕ್ಕಿಂತ ಸಾರ್ವಜನಿಕ ಹಿತ ದೊಡ್ಡದೆಂದು ಪರಿಗಣಿಸಿ ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಅದೇ 1989ರಲ್ಲಿ ರಾಜ್ಯಸಭೆಯಲ್ಲಿ ಏಡ್ಸ್ ತಡೆ ಮಸೂದೆ ಮಂಡನೆಯಾಯಿತು. ಒತ್ತಾಯದ ಪರೀಕ್ಷೆ, ಪ್ರತ್ಯೇಕವಾಸ ಎರಡೂ ಅದರಲ್ಲಿದ್ದವು. ದೇಶದುದ್ದಕ್ಕೂ ವಿರೋಧ ಎದ್ದು ಮಸೂದೆ ವಾಪಸಾಯಿತು. ಮದ್ರಾಸಿನ ಹೋಮಿನಲ್ಲಿ ಸೋಂಕಿದೆಯೆಂಬ ಕಾರಣಕ್ಕೇ ಬಿಡುಗಡೆಯಾಗದೆ ಉಳಿದಿದ್ದ ಹೆಂಗಸರನ್ನು ಹೊರಗೆ ಬಿಡಬೇಕೆಂದು 1990ರಲ್ಲಿ ಹೈಕೋರ್ಟ್ ಹೇಳಬೇಕಾಯಿತು. ಡೊಮಿನಿಕ್ ತನ್ನಂಥವರಿಗಾಗಿ ‘ಪಾಸಿಟಿವ್ ಪೀಪಲ್’ ಎಂಬ ಸಂಸ್ಥೆ ಕಟ್ಟಿ 1992ರಲ್ಲಿ ತೀರಿಕೊಂಡ.

ಈ ವೈರಾಣುವಿನ ವಿಷಯದಲ್ಲಿ ಬೀಗ ಯಾಕೆ ಕೆಲಸಕ್ಕೆ ಬಾರದು? ಕರುಣೆಯ ಮಾತನ್ನು ಪಕ್ಕಕ್ಕಿಟ್ಟು ಬರೀ ಲೆಕ್ಕದಲ್ಲೇ ಇದಕ್ಕೆ ಉತ್ತರ ಹೇಳಬಹುದು. ಸೋಂಕು ತಗುಲಿದವರು ಎಂಟು ಹತ್ತು ವರ್ಷ ಯಾವ ಲಕ್ಷಣವೂ ಇಲ್ಲದೆ ಓಡಾಡಿಕೊಂಡಿರಬಲ್ಲರು. ಮೊದಲ ಕೆಲವು ವಾರ ಪರೀಕ್ಷೆಯೂ ಅದನ್ನು ಹಿಡಿಯಲಾರದು. ಕೈಕುಲುಕಿದರೆ, ಒಂದೇ ಲೋಟದಲ್ಲಿ ನೀರು ಕುಡಿದರೆ, ಸೊಳ್ಳೆ ಕಚ್ಚಿದರೆ ಇದು ಹರಡುವುದಿಲ್ಲ. ಹೀಗಿರುವಾಗ ಸಿಕ್ಕಿಬಿದ್ದ ನಾಲ್ವರನ್ನು ಒಳಗಿಟ್ಟರೆ ಸಿಗದ ನಾಲ್ಕು ಸಾವಿರ ಮಂದಿ ಹೊರಗೇ ಇರುತ್ತಾರೆ, ಅವರಲ್ಲಿ ಒಬ್ಬರೂ ಪರೀಕ್ಷೆಗೆ ಮಾತ್ರ ಬರುವುದಿಲ್ಲ. ಹೊರಗಿರುವ ಉಳಿದವರೋ ರೋಗ ಒಳಗಿದೆ, ತಾವು ಕ್ಷೇಮ ಎಂದು ನಂಬಿಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಏಡ್ಸ್ ಕಾರ್ಯಕ್ರಮ ಕಟ್ಟಿದ ಜೊನಾಥನ್ ಮನ್ 1987ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೆದುರು ಮೂರು ಪಿಡುಗುಗಳ ಬಗ್ಗೆ ಮಾತನಾಡಿದರು. ವೈರಾಣು ಸದ್ದಿಲ್ಲದೆ ಹರಡುವುದು ಮೊದಲನೆಯದು, ವರ್ಷಗಳ ನಂತರ ಏಡ್ಸ್ ತಲೆಯೆತ್ತುವುದು ಎರಡನೆಯದು, ಅದಕ್ಕೆ ಸಮಾಜ ತೋರುವ ಪ್ರತಿಕ್ರಿಯೆ ಮೂರನೆಯದು. ಈ ಮೂರನೆಯದು ಮೊದಲ ಎರಡರಷ್ಟೇ ಕೇಂದ್ರವೆಂದು ವೈದ್ಯನೊಬ್ಬ ಅಂಥ ವೇದಿಕೆಯಲ್ಲಿ ಹೇಳಿದ್ದು ಸಣ್ಣ ಸಂಗತಿಯಲ್ಲ. ಭಯದ ಬೆನ್ನಿಗೆ ಬಿದ್ದ ಸರ್ಕಾರಗಳು ಗೋಡೆಗಳ ಮೇಲೆ ತಲೆಬುರುಡೆ ಬರೆಸುತ್ತಿದ್ದ ಕಾಲ ಅದು.

ಆದರೆ ಮನ್ ಅವರಿಗೂ ಮೊದಲೇ ಈ ಮಾತಿನ ಬೀಜ ಬೇರೆ ಕಡೆ ಬಿದ್ದಿತ್ತು. 1983ರ ಜೂನ್‌ನಲ್ಲಿ ಅಮೆರಿಕದ ಡೆನ್ವರ್ ನಗರದ ಸಮ್ಮೇಳನವೊಂದರಲ್ಲಿ ಏಡ್ಸ್ ಇದ್ದ ಕೆಲವು ಗಂಡಸರು ವೇದಿಕೆಯೇರಿ ತಮ್ಮ ಘೋಷಣೆ ಓದಿದರು. ತಮ್ಮನ್ನು ಬಲಿಪಶುಗಳೆಂದು ಕರೆಯಬೇಡಿ, ಏಡ್ಸ್ ಇರುವ ಮನುಷ್ಯರೆಂದು ಕರೆಯಿರಿ, ತಮ್ಮ ಬಗ್ಗೆ ನಡೆಯುವ ಎಲ್ಲ ನಿರ್ಧಾರಗಳಲ್ಲಿ ತಮಗೂ ಜಾಗ ಕೊಡಿ ಎಂಬುದು ಅದರ ಸಾರ. ಮಾತಿನ ಬದಲಾವಣೆಯಿಂದ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಕನ್ನಡದಲ್ಲೇ ನೋಡಿ. ‘ಏಡ್ಸ್ ರೋಗಿ’ ಎನ್ನುವಾಗ ಎದುರಿಗೆ ಬರುವುದು ಮಂಚ ಹಿಡಿದ ದೇಹ. ‘ಎಚ್‌ಐವಿಯೊಂದಿಗೆ ಬದುಕುತ್ತಿರುವವರು’ ಎನ್ನುವಾಗ ಬಾಡಿಗೆ ಕಟ್ಟುವ, ಮಕ್ಕಳನ್ನು ಶಾಲೆಗೆ ಸೇರಿಸುವ, ಕೆಲಸ ಕೇಳುವ, ಮತ ಹಾಕುವ ಮನುಷ್ಯರು ಕಾಣುತ್ತಾರೆ. ಬದುಕುವವರಿಗೆ ಹಕ್ಕುಗಳಿರುತ್ತವೆ. 1994ರಲ್ಲಿ ಪ್ಯಾರಿಸ್ಸಿನಲ್ಲಿ 42 ದೇಶಗಳು ಸಹಿ ಹಾಕಿದ ಘೋಷಣೆ ಡೆನ್ವರಿನ ಈ ಬೇಡಿಕೆಯನ್ನೇ ಸರ್ಕಾರಿ ಭಾಷೆಯಲ್ಲಿ ಬರೆದುಕೊಂಡಿತು.

ಓದು ಬಲ್ಲ ಅಮೆರಿಕದ ಗಂಡಸರಿಗೆ ಇದು ಸಾಧ್ಯವಾಯಿತು, ಅಕ್ಷರ ಬಾರದ, ಪೊಲೀಸರಿಗೂ ಘರ್‌ವಾಲಿ ಎಂಬ ಮನೆಯೊಡತಿಗೂ ಸಾಲ ಕೊಟ್ಟವನಿಗೂ ಏಕಕಾಲಕ್ಕೆ ಹೆದರಬೇಕಾದ ಹೆಂಗಸಿಗೆ ಸಾಧ್ಯವೇ? ಈ ಪ್ರಶ್ನೆಗೆ ಉತ್ತರ ಬಂದದ್ದು ಕಲ್ಕತ್ತದ ಲೈಂಗಿಕ ವೃತ್ತಿಯ ಕೇರಿಯಾದ ಸೋನಾಗಾಛಿಯಿಂದ. 1992ರಲ್ಲಿ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆಯ ವೈದ್ಯ ಸ್ಮರಜಿತ್ ಜಾನಾ ಅಲ್ಲಿ ಸಮೀಕ್ಷೆಗೆ ಹೋದಾಗ ಕಾಂಡೋಮ್ ಬಳಕೆ ಶೇ 3ನ್ನೂ ಮುಟ್ಟಿರಲಿಲ್ಲ. ತಿಳಿವಳಿಕೆ ಹೇಳಿ, ಕಾಂಡೋಮ್ ಹಂಚಿ ಬರುವುದು ವೈದ್ಯರು ಬಲ್ಲ ದಾರಿ. ಜಾನಾ ಆ ಹೆಂಗಸರಲ್ಲೇ ಕೆಲವರಿಗೆ ತರಬೇತಿ ಕೊಟ್ಟು ಆರೋಗ್ಯ ಕಾರ್ಯಕರ್ತೆಯರನ್ನಾಗಿ ನೇಮಿಸಿದರು. ಕೇರಿಯಲ್ಲಿ ಮನೆಮನೆಗೆ ಹೋದ ಅವರು ಹೊತ್ತು ತಂದ ಸಂಗತಿ ವೈದ್ಯಶಾಸ್ತ್ರದ ಪುಸ್ತಕದಲ್ಲಿ ಇದ್ದದ್ದಲ್ಲ. ಹೆಂಗಸರಿಗೆ ಕಾಂಡೋಮಿನ ಉಪಯೋಗ ತಿಳಿಯದೆ ಇರಲಿಲ್ಲ. ಬೇಡವೆನ್ನುವ ಗಿರಾಕಿಯನ್ನು ವಾಪಸು ಕಳಿಸುವಷ್ಟು ಕಾಸು ಅವರ ಕೈಯಲ್ಲಿರಲಿಲ್ಲ. ಇವಳು ಒಲ್ಲೆನೆಂದರೆ ಅವನು ಪಕ್ಕದ ಬಾಗಿಲಿಗೆ ಹೋಗುತ್ತಾನೆ. ಸಂಜೆ ಬಡ್ಡಿಯವನು ಬರುತ್ತಾನೆ, ಪೊಲೀಸರ ಹಫ್ತಾ ಬಾಕಿಯಿರುತ್ತದೆ. ಕೇರಿಯ ಹೆಂಗಸರೆಲ್ಲ ಒಟ್ಟಿಗೆ ಒಲ್ಲೆವೆಂದರೆ ಮಾತ್ರ ಗಿರಾಕಿ ಒಪ್ಪಬೇಕಾಗುತ್ತದೆ. ಹಾಗಾಗಿ ಸೋಂಕು ತಡೆಯುವ ಕೆಲಸ ಸಂಘ ಕಟ್ಟುವ ಕೆಲಸವಾಗದೆ ಬೇರೆ ದಾರಿಯೇ ಇರಲಿಲ್ಲ. 1995ರಲ್ಲಿ ದರ್ಬಾರ್ ಮಹಿಳಾ ಸಮನ್ವಯ ಸಮಿತಿ ಹುಟ್ಟಿತು. ಅದೇ ವರ್ಷ ಉಷಾ ಎಂಬ ಸಹಕಾರ ಸಂಘ ಬಂತು. ಸಹಕಾರ ಕಾಯ್ದೆಯ ಪ್ರಕಾರ ಸದಸ್ಯರು ಸನ್ನಡತೆಯವರಾಗಿರಬೇಕಿತ್ತು. ಗೃಹಿಣಿಯರೆಂದು ಬರೆಸಿಬಿಡಿ ಎಂಬ ಸಲಹೆ ಬಂದರೂ ಅವರು ಒಪ್ಪದೆ, ತಮ್ಮ ವೃತ್ತಿಯ ಹೆಸರಿನಲ್ಲೇ ನೋಂದಣಿ ಬೇಕೆಂದು ಹಟ ಹಿಡಿದರು. ಕೊನೆಗೆ ಪಶ್ಚಿಮ ಬಂಗಾಳದ ಸರ್ಕಾರವೇ ನಿಯಮ ಸಡಿಲಿಸಿತು. ಹೀಗೆ ಉಳಿತಾಯದ ಪಾಸ್‌ಬುಕ್ಕೊಂದು ವೈರಾಣುವನ್ನು ತಡೆಯುವ ಸಾಧನವಾಯಿತು ಎಂದರೆ ಅತಿಶಯವಲ್ಲ. ಮುಂಬೈಯಲ್ಲಿ ಇದೇ ವೃತ್ತಿಯವರಲ್ಲಿ ಸೋಂಕಿನ ಪ್ರಮಾಣ 1990ರ ದಶಕದ ನಡುವಿಗೆ ಶೇ 50 ದಾಟಿದಾಗ ಸೋನಾಗಾಛಿಯಲ್ಲಿ ಅದು ಶೇ 10ರ ಆಸುಪಾಸಿನಲ್ಲೇ ನಿಂತಿತ್ತು.

ಸೋನಾಗಾಛಿಗೆ ಹೊಂದಿದ್ದು ಬೇರೆಡೆ ಹೊಂದೀತೇ ಎಂಬ ಅನುಮಾನ ಸಹಜ. ಉತ್ತರ ಬಂಗಾಳದ ಎರಡು ಪಟ್ಟಣಗಳಲ್ಲಿ ಇದನ್ನು ಹೋಲಿಸಿ ನೋಡಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಒಂದು ಕಡೆ ಸೋನಾಗಾಛಿಯ ಕ್ರಮ, ಇನ್ನೊಂದು ಕಡೆ ಮಾಮೂಲಿ ಚಿಕಿತ್ಸೆ ಮತ್ತು ಕಾಂಡೋಮ್ ಪ್ರಚಾರ. ಮೊದಲನೆಯದರಲ್ಲಿ ಕಾಂಡೋಮ್ ಬಳಕೆ ಶೇ 39ರಷ್ಟು ಹೆಚ್ಚಿತು, ಎರಡನೆಯದರಲ್ಲಿ ಶೇ 11ರಷ್ಟು. ಮೈಸೂರಿನ ಪರಿಸ್ಥಿತಿಯಂತೂ ಇನ್ನೂ ಕಷ್ಟದ್ದು. ಅಲ್ಲಿ ಕೆಂಪುದೀಪದ ಕೇರಿಯೇ ಇಲ್ಲ. ವೃತ್ತಿಯವರಲ್ಲಿ ಬಹಳಷ್ಟು ಮಂದಿ ಬೀದಿಯಲ್ಲಿ, ಬಸ್ ನಿಲ್ದಾಣದ ಸುತ್ತ, ಲಾಡ್ಜುಗಳಲ್ಲಿ, ಮನೆಗಳಲ್ಲಿ ಚದುರಿ ಇರುವವರು. ಒಬ್ಬರಿಗೊಬ್ಬರು ಪರಿಚಯವಾಗುವುದೇ ಕಷ್ಟವಿರುವಾಗ ಸಂಘವೆಲ್ಲಿಂದ ಬರಬೇಕು? 2004ರಲ್ಲಿ ಅಲ್ಲಿ ಕೆಲಸ ಶುರುವಾಯಿತು. ಕುಳಿತು ದಣಿವಾರಿಸಿಕೊಳ್ಳಲು, ಸ್ನಾನ ಮಾಡಿ ನಿದ್ದೆ ಮಾಡಲು ಒಂದು ಜಾಗ, ಜೊತೆಗೆ ಕ್ಲಿನಿಕ್ಕು, ಪೊಲೀಸರು ಹಿಡಿದಾಗ ಓಡಿಬರುವ ಜೊತೆಗಾರರು, ಹೀಗೆ ಬೆಳೆದು 2005ರ ಡಿಸೆಂಬರಿಗೆ ಆಶೋದಯ ಸಮಿತಿಯಾಯಿತು. ಹೆಂಗಸರ ಜೊತೆ ಗಂಡಸರೂ ಲಿಂಗತ್ವ ಅಲ್ಪಸಂಖ್ಯಾತರೂ ಅದರಲ್ಲಿದ್ದಾರೆ. 2004 ಮತ್ತು 2006ರಲ್ಲಿ ಎರಡು ಸಲ ನಡೆದ ಸಮೀಕ್ಷೆಗಳ ನಡುವೆ ಸಿಫಿಲಿಸ್ ಶೇ 25ರಿಂದ 12ಕ್ಕೆ ಇಳಿದಿತ್ತು, ಗೊನೋರಿಯಾ ಶೇ 5ರಿಂದ 2ಕ್ಕೆ. ಎಚ್‌ಐವಿ ಮಾತ್ರ ಶೇ 26ರಿಂದ 24ಕ್ಕೆ ಬಂದು ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು. ಇದನ್ನು ಸೋಲೆಂದು ಓದಬಾರದು. ಎಚ್‌ಐವಿ ಒಮ್ಮೆ ಬಂದರೆ ಹೋಗದ ಸೋಂಕು, ಹಳೆಯ ಸೋಂಕಿತರು ಬದುಕಿರುವವರೆಗೆ ಆ ಅಂಕಿ ಇಳಿಯದು. ಬೇಗ ಬಂದು ಚಿಕಿತ್ಸೆಗೆ ಬೇಗ ಹೋಗುವ ಕಾಯಿಲೆಗಳು ಇಳಿದಿವೆಯೆಂದರೆ ನಡತೆ ನಿಜಕ್ಕೂ ಬದಲಾಗಿದೆ ಎಂದರ್ಥ.

ಉತ್ತರ ಕರ್ನಾಟಕದ ಕಥೆಗೆ ಇನ್ನೊಂದು ಪದರವಿದೆ. ಬಾಗಲಕೋಟೆ ಜಿಲ್ಲೆಯಲ್ಲಿ 2003ರಲ್ಲಿ ಸಾಮಾನ್ಯ ಜನರ ನಡುವೆ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಸೋಂಕು ಕಂಡಿತು, ದೇಶದ ಸರಾಸರಿಗೆ ಹಲವು ಪಟ್ಟು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ದೇವದಾಸಿ ಪದ್ಧತಿಯ ದಾರಿಯಲ್ಲಿ ಸಾಂಗ್ಲಿ, ಮೀರಜ್, ಮುಂಬೈಗಳ ಕೇರಿಗಳಿಗೆ ಹೋದ ಕನ್ನಡದ ಹೆಂಗಸರು ಎಷ್ಟೋ ಮಂದಿ. 1992ರಲ್ಲಿ ಸಾಂಗ್ಲಿಯಲ್ಲಿ ಆರಂಭವಾದ ಸಂಗ್ರಾಮ್, 1996ರಲ್ಲಿ ಅಲ್ಲಿನ ಹೆಂಗಸರೇ ಕಟ್ಟಿದ ವ್ಯಾಂಪ್ ಸಂಘಟನೆಗಳಿಗೂ ನಮ್ಮ ಗಡಿ ಜಿಲ್ಲೆಗಳಿಗೂ ಹೀಗೆ ನಂಟು ಬೆಳೆಯಿತು. ಇಲ್ಲಿ ನೈತಿಕ ಆಕ್ಷೇಪವೊಂದು ಎದುರಾಗುತ್ತದೆ, ಅದನ್ನು ಜಾರಿಸಿ ಮುಂದೆ ಹೋಗುವಂತಿಲ್ಲ. ದೇವದಾಸಿಯಾಗಿ ಬಿಡುವುದನ್ನು 1982ರಲ್ಲೇ ಕರ್ನಾಟಕ ಕಾಯ್ದೆ ಮಾಡಿ ನಿಷೇಧಿಸಿದೆ. ವೃತ್ತಿಗೆ ಗೌರವ ಎಂಬ ಮಾತು ಎಳೆಯ ಹುಡುಗಿಯರನ್ನು ಈ ಬಾಳಿಗೆ ನೂಕಿದ ಜಾತಿ ಮತ್ತು ಬಡತನದ ಕ್ರೌರ್ಯಕ್ಕೆ ಒಪ್ಪಿಗೆ ಕೊಟ್ಟಂತಲ್ಲವೇ? ಈ ಆಕ್ಷೇಪದ ಹಿಂದಿನ ನೋವು ನಿಜವಾದದ್ದು. ಆದರೆ ಹುಡುಗಿಯನ್ನು ತಳ್ಳಿದವರನ್ನು ಬಿಟ್ಟು, ತಳ್ಳಲ್ಪಟ್ಟವಳನ್ನು ಮೂವತ್ತನೆಯ ವಯಸ್ಸಿನಲ್ಲಿ ಹಿಡಿದು ಹೋಮಿಗೆ ಹಾಕುವುದು ಆ ಕ್ರೌರ್ಯಕ್ಕೆ ಉತ್ತರವಾಗಲಾರದು. ಅಪ್ರಾಪ್ತ ವಯಸ್ಸಿನವರು ಕೇರಿಗೆ ಬಂದರೆ ಪತ್ತೆ ಮಾಡಿ ಹೊರಗೆ ಕಳಿಸಲು ದರ್ಬಾರ್ ತಾನೇ ಸ್ವಯಂ ನಿಯಂತ್ರಣ ಮಂಡಳಿಗಳನ್ನು ರಚಿಸಿಕೊಂಡಿದೆ. ಬಂದವಳು ಹೊಸಬಳೆಂದೂ ಚಿಕ್ಕವಳೆಂದೂ ಮೊದಲು ತಿಳಿಯುವುದು ಪಕ್ಕದ ಕೋಣೆಯವಳಿಗೆ, ಠಾಣೆಗಲ್ಲ. ಈ ಕಾರ್ಯಕ್ರಮಗಳ ಮೇಲೆ ನನಗಿರುವ ದೂರೇ ಬೇರೆ. 2003ರಲ್ಲಿ ಗೇಟ್ಸ್ ಪ್ರತಿಷ್ಠಾನ ಆರಂಭಿಸಿದ ಆವಾಹನ್ ಎಂಬ ಎಚ್‌ಐವಿ ತಡೆ ಕಾರ್ಯಕ್ರಮ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ ದೊಡ್ಡ ಮೊತ್ತದ ಹಣ ಹರಿಸಿತು. ಎಷ್ಟು ಮಂದಿಯನ್ನು ಭೇಟಿ ಮಾಡಲಾಯಿತು, ಎಷ್ಟು ಕಾಂಡೋಮ್ ಹಂಚಲಾಯಿತು ಎಂಬ ಲೆಕ್ಕ ಅಚ್ಚುಕಟ್ಟಾಗಿ ನಡೆಯಿತು. ದೇವದಾಸಿ ಹೆಂಗಸು ಕೇಳುತ್ತಿದ್ದ ತುಂಡು ಭೂಮಿ, ಮಾಸಾಶನ, ಮಕ್ಕಳ ಶಾಲಾ ಅರ್ಜಿಯಲ್ಲಿ ತಂದೆಯ ಹೆಸರಿನ ಖಾನೆಯಿಂದ ವಿನಾಯಿತಿ, ಇವು ಆ ಲೆಕ್ಕದ ಅಂಚಿನಲ್ಲೇ ಉಳಿದವು.

ಇನ್ನು ಪುರಾವೆಯ ಮೇಲಿನ ಆಕ್ಷೇಪಗಳು. ದಕ್ಷಿಣ ಭಾರತದಲ್ಲಿ 15ರಿಂದ 24 ವರ್ಷದ ಗರ್ಭಿಣಿಯರಲ್ಲಿ ಸೋಂಕು 2000ದಲ್ಲಿ ಶೇ 1.7 ಇದ್ದದ್ದು 2004ರಲ್ಲಿ ಶೇ 1.1ಕ್ಕೆ ಇಳಿದಿತ್ತು ಎಂಬ ಅಧ್ಯಯನ 2006ರಲ್ಲಿ ಬಂತು. ಆವಾಹನ್ ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲವದು. ಹಾಗಾದರೆ ಪಿಡುಗು ತಾನಾಗಿಯೇ ಇಳಿಮುಖವಾಗಿತ್ತೇ? ಅಪಾಯದಲ್ಲಿದ್ದವರೆಲ್ಲ ಸೋಂಕಿತರಾಗಿ ಮುಗಿದ ಮೇಲೆ ಯಾವ ಪಿಡುಗೂ ಕುಗ್ಗುತ್ತದೆ ಎಂಬುದು ನಿಜ, ಆ ಪಾಲನ್ನು ಒಪ್ಪಬೇಕು. ಭಾರತದ ಅಂದಾಜುಗಳೇ ಅಲುಗಾಡುತ್ತಿದ್ದವು ಎಂಬುದನ್ನೂ ಒಪ್ಪಬೇಕು. 2007ರಲ್ಲಿ ಹೊಸ ಸಮೀಕ್ಷೆಯ ಬಲದಿಂದ ಸೋಂಕಿತರ ಅಂದಾಜು 52 ಲಕ್ಷದಿಂದ ಸುಮಾರು 25 ಲಕ್ಷಕ್ಕೆ ಬಿತ್ತು. ಆದರೂ ಉತ್ತರ ಬಂಗಾಳದ ಹೋಲಿಕೆ, ಮೈಸೂರಿನ ಸಿಫಿಲಿಸ್ ಅಂಕಿಗಳು ಪಿಡುಗಿನ ಸಹಜ ಇಳಿತದಿಂದ ವಿವರಿಸಲಾಗದವು. ಆವಾಹನ್ ಕಾರ್ಯಕ್ರಮದಿಂದ 2008ರವರೆಗೆ ಸುಮಾರು 1 ಲಕ್ಷ ಹೊಸ ಸೋಂಕು ತಪ್ಪಿತೆಂದು 2011ರಲ್ಲಿ ಲೆಕ್ಕ ಹಾಕಿದ ಸಂಶೋಧಕರು ಕರ್ನಾಟಕದಲ್ಲಿ ಪರಿಣಾಮ ಸ್ಪಷ್ಟವಾಗಿದೆ ಎಂದರು. ಅದು ಅಂದಾಜೇ ಹೊರತು ಎಣಿಕೆಯಲ್ಲ, ನಿಜ. ಆದರೆ ಕೂಡಿಹಾಕಿದ ಕಡೆ ಇಷ್ಟರ ಅಂದಾಜನ್ನಾದರೂ ಯಾರೂ ತೋರಿಸಿಲ್ಲ.

ಕ್ಯೂಬಾ ತೋರಿಸಿದೆಯಲ್ಲ ಎನ್ನಬಹುದು. ಇದು ನನ್ನ ವಾದಕ್ಕೆ ಬರುವ ಅತ್ಯಂತ ಗಟ್ಟಿ ಸವಾಲು. 1986ರಿಂದ ಆ ದೇಶ ಸೋಂಕಿತರನ್ನೆಲ್ಲ ಆರೋಗ್ಯಧಾಮಗಳಿಗೆ ಕಡ್ಡಾಯವಾಗಿ ಕಳಿಸಿತು. ಕೆರಿಬಿಯನ್ ಪ್ರದೇಶದಲ್ಲಿ ಸೋಂಕು ಅತಿ ಕಡಿಮೆಯಿದ್ದ ದೇಶಗಳಲ್ಲೊಂದಾಗಿ ಅದು ಉಳಿಯಿತು. ಆದರೆ ಅದು ಗಡಿಗಳನ್ನು ಬಿಗಿಯಾಗಿ ಕಾಯ್ದ ಸಣ್ಣ ದ್ವೀಪ, ಮನೆಮನೆಗೂ ವೈದ್ಯರಿದ್ದ ದೇಶ, ಸೋಂಕಿತರ ಸಂಖ್ಯೆ ಇನ್ನೂ ಕೈಬೆರಳೆಣಿಕೆಯಿದ್ದಾಗಲೇ ಪರೀಕ್ಷೆಗಿಳಿದದ್ದು. ಒಳಗಿದ್ದವರಿಗೆ ಪೂರ್ತಿ ಸಂಬಳ, ಒಳ್ಳೆಯ ಊಟ, ಚಿಕಿತ್ಸೆ ಇತ್ತು. 1993ರಿಂದ ಅವರನ್ನು ಮನೆಯಲ್ಲೇ ಇರಲು ಬಿಟ್ಟ ಮೇಲೂ ಅಲ್ಲಿನ ಪ್ರಮಾಣ ಕಡಿಮೆಯೇ ಉಳಿದದ್ದನ್ನು ನೋಡಿದರೆ ಬೀಗಕ್ಕಿಂತ ವೈದ್ಯಸೇವೆಯ ಪಾಲೇ ಹೆಚ್ಚಿರಬೇಕು. ಕೋಟ್ಯಂತರ ಜನರ, ದಿನವೂ ವಲಸೆ ಹೋಗುವ ನಾಡಿಗೆ ಅದು ಮಾದರಿಯಾಗಲಾರದು. ಥಾಯ್ಲೆಂಡ್ ಇನ್ನೊಂದು ಬಗೆ. 1989ರಲ್ಲಿ ರಾಚಬುರಿ ಪ್ರಾಂತ್ಯದಲ್ಲಿ ಆರಂಭವಾಗಿ 1991ರಲ್ಲಿ ದೇಶಕ್ಕೆಲ್ಲ ಹಬ್ಬಿದ ನೂರಕ್ಕೆ ನೂರು ಕಾಂಡೋಮ್ ನೀತಿಯನ್ನು ಮೇಲಿನಿಂದ ಹೇರಿದರು, ಸಂಘ ಕಟ್ಟಲಿಲ್ಲ, ಆದರೂ ಗೆದ್ದರು. 1993ರಲ್ಲಿ ಶೇ 4 ಮುಟ್ಟಿದ್ದ ಹೊಸ ಸೈನಿಕರಲ್ಲಿನ ಸೋಂಕು ಆಮೇಲೆ ಇಳಿಯಿತು. ಇದನ್ನು ಒಪ್ಪದೆ ವಿಧಿಯಿಲ್ಲ. ಗಮನಿಸಬೇಕಾದದ್ದು ಅಲ್ಲಿನ ಕಟ್ಟಳೆ ಯಾರ ಮೇಲೆ ಬಿತ್ತು ಎಂಬುದು. ಕಾಂಡೋಮ್ ಇಲ್ಲದೆ ವ್ಯಾಪಾರ ನಡೆದರೆ ಅಂಗಡಿ ಮುಚ್ಚುವುದು ಮಾಲೀಕನದ್ದು. ಲಾಕ್ ಆಸ್ಪತ್ರೆಯ ಕಾಲದಲ್ಲಿ ಹೆಂಗಸೊಬ್ಬಳ ಮೇಲೇ ಇದ್ದ ಹೊರೆ ಮಾಲೀಕನ ಮೇಲೂ ಗಿರಾಕಿಯ ಮೇಲೂ ಹೋಯಿತು. ಅದೇ ಥಾಯ್ಲೆಂಡ್ ಸೂಜಿಯಿಂದ ಮಾದಕವಸ್ತು ಚುಚ್ಚಿಕೊಳ್ಳುವವರನ್ನು ಅಪರಾಧಿಗಳೆಂದೇ ನಡೆಸಿಕೊಂಡಿತು. 2003ರ ಮಾದಕವಸ್ತು ವಿರೋಧಿ ಕಾರ್ಯಾಚರಣೆಯಲ್ಲಿ 2,000ಕ್ಕೂ ಹೆಚ್ಚು ಜನ ಸತ್ತರು. ದೇಶದ ಉಳಿದೆಡೆ ಇಳಿದ ಸೋಂಕು ಆ ಗುಂಪಿನಲ್ಲಿ ಮಾತ್ರ ಇಳಿಯದೆ ನಿಂತಿತು.

ಔಷಧವೇ ಎಲ್ಲವನ್ನೂ ಬದಲಿಸಿತು ಎನ್ನುವವರಿಗೆ ಔಷಧ ಹೇಗೆ ಬಂತೆಂದು ಕೇಳಬೇಕು. 2000ದ ಸುಮಾರಿಗೆ ಮೂರು ಔಷಧಗಳ ವರ್ಷದ ಬೆಲೆ 10,000 ಡಾಲರ್ ದಾಟಿತ್ತು. 2001ರ ಫೆಬ್ರವರಿಯಲ್ಲಿ ಮುಂಬೈಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದನ್ನೇ ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದರು. ಔಷಧದ ತಯಾರಿಕಾ ವಿಧಾನಕ್ಕಷ್ಟೇ ಪೇಟೆಂಟ್ ಕೊಡುತ್ತಿದ್ದ 1970ರ ಭಾರತೀಯ ಕಾಯ್ದೆ ಇಲ್ಲದಿದ್ದರೆ ಆ ಮಾತು ಆಡಲಾಗುತ್ತಿರಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಅಗ್ಗದ ಔಷಧದ ಕಾನೂನನ್ನು ತಡೆಯಲು 39 ಕಂಪನಿಗಳು ಹೂಡಿದ್ದ ಮೊಕದ್ದಮೆ ಅದೇ ವರ್ಷದ ಏಪ್ರಿಲ್‌ನಲ್ಲಿ ಹಿಂದಕ್ಕೆ ಹೋದದ್ದು ಸೋಂಕಿತರೇ ಕಟ್ಟಿದ ಟ್ರೀಟ್‌ಮೆಂಟ್ ಆಕ್ಷನ್ ಕ್ಯಾಂಪೇನ್ ಬೀದಿಗಿಳಿದದ್ದರಿಂದ. ಅಲ್ಲಿನ ಅಧ್ಯಕ್ಷ ಥಾಬೊ ಎಂಬೆಕಿ ವೈರಾಣುವೇ ಏಡ್ಸ್‌ಗೆ ಕಾರಣವೆಂಬುದನ್ನು ಅನುಮಾನಿಸುತ್ತ ಕೂತಾಗ, ತಾಯಿಯಿಂದ ಮಗುವಿಗೆ ಸೋಂಕು ಹೋಗದಂತೆ ತಡೆಯುವ ನೆವಿರಪಿನ್ ಔಷಧವನ್ನು ಕೊಡಲೇಬೇಕೆಂದು 2002ರಲ್ಲಿ ಸಾಂವಿಧಾನಿಕ ನ್ಯಾಯಾಲಯದಿಂದ ಹೇಳಿಸಿದವರೂ ಅವರೇ. ಆ ವಿಳಂಬದಿಂದ 3,30,000ಕ್ಕೂ ಹೆಚ್ಚು ಜೀವ ಹೋದವೆಂದು ಹಾರ್ವರ್ಡ್ ಸಂಶೋಧಕರು 2008ರಲ್ಲಿ ಅಂದಾಜಿಸಿದರು. ಮದ್ದು ಇದ್ದೂ ಜನ ಸತ್ತರು. ಭಾರತದಲ್ಲಿ ಉಚಿತ ಎಆರ್‌ಟಿ (ವೈರಾಣು ತಡೆಯುವ ಔಷಧಗಳ) ಚಿಕಿತ್ಸೆ ಶುರುವಾದದ್ದು 2004ರ ಏಪ್ರಿಲ್ 1ರಂದು. ಆ ಗುಳಿಗೆ ಪಡೆಯಲು ಕೂಡ ಮನುಷ್ಯ ಮೊದಲು ಪರೀಕ್ಷೆಗೆ ಬರಬೇಕು, ಹೆಸರು ಹೇಳಬೇಕು, ತಿಂಗಳುಗಟ್ಟಲೆ ಅದೇ ಬಾಗಿಲಿಗೆ ಮರಳಬೇಕು. ಬಂಧನದ ಭಯವಿದ್ದಲ್ಲಿ ಇದಾವುದೂ ಆಗುವುದಿಲ್ಲ. 2001ರಲ್ಲಿ ಲಖನೌದಲ್ಲಿ ಗಂಡಸರ ನಡುವೆ ಎಚ್‌ಐವಿ ತಡೆಯ ಕೆಲಸ ಮಾಡುತ್ತಿದ್ದ ಕಾರ್ಯಕರ್ತರನ್ನು, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಮಿನಡಿ ಹಿಡಿದು 47 ದಿನ ಜೈಲಿನಲ್ಲಿಟ್ಟದ್ದನ್ನು ನೆನೆದರೆ ಸಾಕು. ಮುಂದೆ ದೆಹಲಿ ಹೈಕೋರ್ಟಿನಲ್ಲಿ ಆ ಕಲಮಿನ ವಿಚಾರಣೆ ನಡೆದಾಗ ಕೇಂದ್ರದ ಗೃಹ ಇಲಾಖೆ ಅದು ಇರಬೇಕೆಂದಿತು, ಅದೇ ಕೇಂದ್ರದ ಏಡ್ಸ್ ನಿಯಂತ್ರಣ ಸಂಸ್ಥೆ ಅದರಿಂದ ತನ್ನ ಕೆಲಸಕ್ಕೆ ಅಡ್ಡಿಯೆಂದಿತು.

ಸೋಂಕಿತರ ಮೇಲೆ ತಾರತಮ್ಯ ಮಾಡುವುದನ್ನು ನಿಷೇಧಿಸುವ ಕಾಯ್ದೆ 2017ರಲ್ಲಿ ಬಂದು ಮರುವರ್ಷ ಜಾರಿಯಾಯಿತು. ಆದರೆ ಕಾಯ್ದೆಯೊಂದೇ ಸಂಘಗಳನ್ನು ಉಳಿಸದು. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ಬಾಗಿಲು ಹಾಕಿದವುಗಳಲ್ಲಿ ಹೈದರಾಬಾದಿನ ಮಿತ್ರ್ ಕ್ಲಿನಿಕ್ಕೂ ಇತ್ತು, ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ಅವರೇ ಸೇರಿ ನಡೆಸುತ್ತಿದ್ದ ಕ್ಲಿನಿಕ್ಕು. ಹೊರಗಿನ ಹಣದ ಮೇಲೆ ನಿಂತ ಸಂಘಗಳ ಅಡಿಪಾಯ ಎಷ್ಟು ತೆಳು ಎಂಬುದು ಇದರಿಂದ ಕಂಡಿತು. ಸದಸ್ಯೆಯರ ಉಳಿತಾಯದ ಮೇಲೆ ನಿಂತ ಉಷಾ ಸಹಕಾರ ಸಂಘದ ಹಾದಿ ಬೇರೆ. ಕಲ್ಕತ್ತದಲ್ಲಿ 1999ರಲ್ಲಿ ಕೊಲೆಯಾದ ಲೈಂಗಿಕ ಕಾರ್ಯಕರ್ತೆಯೊಬ್ಬಳ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಾಗ, 2011ರಲ್ಲಿ ನ್ಯಾಯಾಲಯ ಈ ವೃತ್ತಿಯವರ ಬದುಕಿನ ಸ್ಥಿತಿ ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಿತು. ವಕೀಲರ ಜೊತೆಗೆ ದರ್ಬಾರ್ ಮತ್ತು ಉಷಾ ಸಂಘಗಳಿಗೂ ಅದರಲ್ಲಿ ಜಾಗ ಸಿಕ್ಕಿತು. ಸ್ಮರಜಿತ್ ಜಾನಾ 2021ರಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಮರುವರ್ಷ, 2022ರ ಮೇ 19ರಂದು, ಆ ಸಮಿತಿಯ ಶಿಫಾರಸುಗಳನ್ನು ಪಾಲಿಸುವಂತೆ ನ್ಯಾಯಾಲಯ ರಾಜ್ಯಗಳಿಗೆ ಆದೇಶಿಸಿತು. ಅವುಗಳಲ್ಲೊಂದು ಹೀಗಿದೆ: ಪ್ರತಿಯೊಂದು ರಾಜ್ಯವೂ ತನ್ನ ರಕ್ಷಣಾ ಗೃಹಗಳ ಸಮೀಕ್ಷೆ ನಡೆಸಬೇಕು, ವಯಸ್ಕ ಹೆಂಗಸರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಇರಿಸಿಕೊಂಡಿದ್ದರೆ ಕಾಲಮಿತಿಯೊಳಗೆ ಬಿಡುಗಡೆಗೆ ಕ್ರಮ ಕೈಗೊಳ್ಳಬೇಕು. ಮದ್ರಾಸಿನ ಹೋಮಿನಲ್ಲಿ ಆ ಆರು ಮಾದರಿ ತೆಗೆದು ಅಷ್ಟರಲ್ಲಿ 36 ವರ್ಷವಾಗಿತ್ತು.